ನಾಯಿ ಪಾರ್ಕಿಗೆ ಬಂದ ಮಗ

ಬಸ್ ಸ್ಟಾಪಿಗೊಂದು ಸೂರಿಲ್ಲದ ನಮ್ಮ ಬಡಾವಣೆಗೆ ನಾಯಿ ಪಾರ್ಕು ಬಂತು. ಗೇಟಿಗೊಬ್ಬ ವಾಚ್‌ಮನ್ನೂ ಬಂದ. ಭಾನುವಾರ ಬೆಳಿಗ್ಗೆ ಹಾಲಪ್ಪನವರು ತಮ್ಮ ಲ್ಯಾಬ್ರಡಾರ್ ಜೊತೆ ಕಾರಿಳಿದರು.

"ಸಾರ್, ನಾಯಿಗೆ ಚೈನ್ ಹಾಕ್ಕೊಳ್ಳಿ" ಎಂದ ವಾಚ್‌ಮನ್.

"ಯಾರನ್ನೋ ನಾಯಿ ಅಂತೀಯ? ರೋಮಿಯೋ ನಮ್ಮನೆ ಮಗ! ಇನ್ನೊಂದ್ಸಲ ನಾಯಿ ಅಂದ್ರೆ ಕೆಲಸದಿಂದ ತೆಗೆಸ್ತೀನಿ!"

ಜನ ಸೇರಿದರು. ವಾಚ್‌ಮನ್ ಕೈಮುಗಿದ. "ತಪ್ಪಾಯ್ತು ಸಾರ್, ಮಗ ಅಂತ ಗೊತ್ತಾಗ್ಲಿಲ್ಲ" ಎಂದು ಗೇಟಿನ ಚಿಲಕ ಹಾಕಿದ. "ಇಲ್ಲಿ ನಾಯಿಗಳಿಗೆ ಮಾತ್ರ ಪ್ರವೇಶ. ಮಕ್ಕಳ ಪಾರ್ಕು ಹಿಂದಿನ ರಸ್ತೇಲಿದೆ. ಜಾರುಬಂಡೆ, ಉಯ್ಯಾಲೆ ಎಲ್ಲಾ ಚೆನ್ನಾಗಿದೆ."

ಒಳಗಿದ್ದ ಗೆಳೆಯರನ್ನು ಕಂಡು ರೋಮಿಯೋ ಗೇಟು ಕೆರೆಯತೊಡಗಿತು. ಜನ ಕಿಸಕ್ಕೆಂದರು. ಹಾಲಪ್ಪನವರು ಬೆವರೊರೆಸಿಕೊಂಡು ಕಿರುಚಿದರು, "ಅದು ನಾಯಿ ಕಣಯ್ಯಾ! ನಾಯೀನೇ!"

ವಾಚ್‌ಮನ್ ಚಿಲಕ ತೆಗೆದು ಸಲ್ಯೂಟ್ ಹೊಡೆದ.

"ಬನ್ನಿ ಸಾರ್. ನಾಯಿ ಜೊತೆ ಅದರಪ್ಪನೂ ಒಳಗೆ ಬರಬಹುದು."