ಮನಸ್ಸು ಬರಿದಾಗದೆಂದು ಬಂದವರು

ಪೂಜ್ಯ ಮಾತೆ ಶಿವಲಿಂಗಮ್ಮನವರು ತಮ್ಮ ಕೊನೆಯ ಹನ್ನೆರಡು ವರ್ಷಗಳನ್ನು ಕಳೆದದ್ದು ಕೃಷ್ಣಾ ತೀರದ ಒಂದು ಹಳ್ಳಿಯಲ್ಲಿ, ಕುಂಬಾರ ಓಣಿಯ ಸಣ್ಣ ಮಣ್ಣಿನ ಮನೆಯಲ್ಲಿ. ಅವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಬೆಳಗಿನ ಪೂಜೆ ಮುಗಿಸಿ ಓಣಿಯ ಹೆಂಗಸರೊಡನೆ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದರು. ದರ್ಶನಕ್ಕೆ ಬಂದವರು ಅಲ್ಲಿಯೇ ಮಾತನಾಡಬೇಕಾಗಿತ್ತು.

ಒಂದು ಬೆಳಿಗ್ಗೆ ಪಕ್ಕದ ಊರಿನ ಶಾಲಾ ಮಾಸ್ತರರಾದ ಸಂಗನಬಸಪ್ಪನವರು ಬಂದರು. ಅವರ ಒಬ್ಬಳೇ ಮಗಳು ಏಳನೆಯ ವಯಸ್ಸಿನಲ್ಲಿ ವಿಷಮಜ್ವರದಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ದುಃಖಶಮನಕ್ಕೆಂದು ಮಾಸ್ತರರು ಧ್ಯಾನ ಹಿಡಿದಿದ್ದರು. ಧ್ಯಾನವೆಂದರೆ ಮನಸ್ಸನ್ನು ಬರಿದು ಮಾಡುವುದು, ಒಂದು ಯೋಚನೆ ನುಸುಳಿದರೂ ಸಾಧನೆ ಕೆಟ್ಟಂತೆ ಎಂದು ಯಾರೋ ಹೇಳಿದ್ದನ್ನು ಬಲವಾಗಿ ನಂಬಿದ್ದರು. ಆದರೆ ಕಣ್ಣು ಮುಚ್ಚಿದೊಡನೆ ಮಗಳೇ ಎದುರಿಗೆ ಬರುತ್ತಿದ್ದಳು. ಅದಕ್ಕಾಗಿ ಅವಳ ಬಟ್ಟೆಬರೆಗಳನ್ನು ಹೊಳೆಗೆ ಬಿಟ್ಟರು. ಮನೆಯಲ್ಲಿ ಅವಳ ಹೆಸರೆತ್ತಕೂಡದೆಂದು ಪತ್ನಿ ಚಂಪಾವತಿಗೆ ಕಟ್ಟಪ್ಪಣೆ ಮಾಡಿದರು. ಆಕೆ ಅದನ್ನು ಮೀರಲಿಲ್ಲ. ಬರಬರುತ್ತ ಉಳಿದ ಮಾತನ್ನೂ ಬಿಟ್ಟರು. ಊಟಕ್ಕೆ ಬಡಿಸಿ ಒಳಗೆ ಹೋಗಿಬಿಡುತ್ತಿದ್ದರು.

ಮಾಸ್ತರರು ಇದನ್ನೆಲ್ಲ ವರದಿ ಒಪ್ಪಿಸುವವರಂತೆ ಹೇಳಿ ಮುಗಿಸಿದರು. ಮನಸ್ಸನ್ನು ಪೂರ್ತಿ ಬರಿದು ಮಾಡುವ ಉಪಾಯವಿದ್ದರೆ ದಯಪಾಲಿಸಬೇಕು, ಇಲ್ಲವಾದರೆ ಈ ಧ್ಯಾನವೆಲ್ಲ ಸುಳ್ಳೆಂದು ತಿಳಿದು ಬಿಟ್ಟುಬಿಡುವೆನೆಂದರು.

ಮಾತೆಯವರು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು.

“ಕೂಸಿನ ಹೆಸರೇನು, ತಮ್ಮಾ?”

ಮಾಸ್ತರರು ಅದನ್ನು ಬಿಟ್ಟು ಬೇರೇನಾದರೂ ಕೇಳಬೇಕೆಂದು ಬೇಡಿಕೊಂಡರು. ಮಾತೆಯವರು ಮತ್ತೆ ಕೇಳಲಿಲ್ಲ, ಅವರನ್ನು ಕಳಿಸಲೂ ಇಲ್ಲ. ಸುಮ್ಮನೆ ಅವರ ಮುಖವನ್ನೇ ನೋಡುತ್ತ ಕುಳಿತರು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಬಿಸಿಲು ಕಟ್ಟೆಗೆ ಬಂತು.

“ಕಮಲಾಕ್ಷಿ,” ಎಂದರು ಮಾಸ್ತರರು. ಎರಡು ವರ್ಷಗಳ ಮೇಲೆ ಆ ಹೆಸರು ಅವರ ಬಾಯಿಂದ ಬಂದದ್ದು ಅಂದೇ.

“ಈಗ ಕಣ್ಣು ಮುಚ್ಚಿ ಕೂಡ್ರಿ. ಆಕಿ ಬಂದ್ರ ಬರಲಿ, ಹೋದ್ರ ಹೋಗಲಿ. ಓಡಿಸಬ್ಯಾಡ್ರಿ, ಬೆನ್ನು ಹತ್ತಬ್ಯಾಡ್ರಿ. ಧ್ಯಾನ ಅಂದ್ರ ಅಷ್ಟ.”

ಮಾಸ್ತರರು ಕುಳಿತರು. ಮಗಳು ಬಂದಳು. ಮೊದಲು ಜ್ವರದಲ್ಲಿ ಮಲಗಿದ್ದವಳು, ಆಮೇಲೆ ನಗುತ್ತಿದ್ದವಳು. ಅವರು ತಡೆಯಲಿಲ್ಲ. ಕಣ್ಣೀರು ಧಾರಾಕಾರವಾಗಿ ಹರಿಯಿತು, ಅದನ್ನೂ ತಡೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಉಸಿರು ಒಂದೇ ನಡೆಗೆ ಬಂತು. ಮಗಳು ಮರೆಯಾಗಿರಲಿಲ್ಲ, ಆದರೆ ಹೋರಾಟ ನಿಂತಿತ್ತು.

ಎದ್ದು ಪಾದಕ್ಕೆರಗಿದಾಗ ಮಾತೆಯವರು ಹೇಳಿದ್ದು ಇಷ್ಟೇ: “ಮನಿಯೊಳಗ ಇನ್ನೊಬ್ಬಾಕಿ ಅದಾಳ. ಆಕಿಗೂ ಬಾಯಿ ಬಿಚ್ಚಾಕ ಬಿಡ್ರಿ.”

ಸಂಗನಬಸಪ್ಪನವರು ಸಂಜೆಗೆ ಮನೆ ಮುಟ್ಟಿದರು. ಅದು ಅವರ ಧ್ಯಾನದ ಹೊತ್ತು. ಚಂಪಾವತಿಯವರು ವಾಡಿಕೆಯಂತೆ ಚಾಪೆ ಹಾಸಿಟ್ಟು ಅಡುಗೆಮನೆಗೆ ಹೊರಟಿದ್ದರು. ಮಾಸ್ತರರು ಅವರನ್ನು ಕರೆದು ಅದೇ ಚಾಪೆಯ ಮೇಲೆ ಕೂರಿಸಿ, “ಕಮಲಿ ಮೊದಲ ಸಲ ‘ಅವ್ವಾ’ ಅಂದದ್ದು ಯಾವಾಗ? ನಾನು ಮರೆತಿದ್ದೇನೆ,” ಎಂದು ಕೇಳಿದರು.

ಚಂಪಾವತಿಯವರು ಅವರನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಹೇಳತೊಡಗಿದರು.