ಗಿನಿಪಿಗ್ ಕಣ್ಣಿಗೆ ಹಾಲು ಬಂದದ್ದು

ಬೆಟ್ಟಗಳಿಗೆ ಎಲ್ಲಿ ಕೂರಬೇಕೆಂದು ಇನ್ನೂ ಗೊತ್ತಾಗಿರದ, ಗಾಳಿಗೆ ದಿಕ್ಕು ಅಭ್ಯಾಸವಾಗಿರದ ಹೊಸ ಕಾಲ ಅದು. ಆಗ ಗಿನಿಪಿಗ್ ಕಣ್ಣಲ್ಲಿ ಬರೀ ನೀರಿತ್ತು, ನಮ್ಮ ಕಣ್ಣಲ್ಲಿರುವ ಹಾಗೆ.

ದುಂಡವ್ವ ಎಂಬ ಗಿನಿಪಿಗ್ ಒಂದು ಹೆಣ್ಣುಮರಿ ಹಾಕಿದಳು. ಮರಿ ಹುಟ್ಟುತ್ತಲೇ ಕಣ್ಣು ಬಿಟ್ಟಿತು.

ಪಕ್ಕದ ಬಿಲದ ಮೊಲದತ್ತೆ ನೋಡಲು ಬಂದಳು.

"ಇದೇನೇ ದುಂಡವ್ವ! ನನ್ನ ಮಕ್ಕಳು ಕಣ್ಣು ಮುಚ್ಚಿಕೊಂಡು ಮರ್ಯಾದೆಯಾಗಿ ಹುಟ್ಟುತ್ತವೆ. ನಿನ್ನದು ಊರನ್ನೆಲ್ಲ ದಿಟ್ಟಿಸುತ್ತಿದೆಯಲ್ಲ!"

"ದಿಟ್ಟಿಸಲಿ ಬಿಡಿ ಅತ್ತೆ. ನರಿ ಬಂದರೆ ನಮ್ಮನ್ನು ಕಾಯುವುದು ಕಣ್ಣೊಂದೇ."

ಅಷ್ಟರಲ್ಲಿ ಗಾಳಿ ಓಡಿಬಂದು ಒಣಹುಲ್ಲನ್ನು ಅಲ್ಲಾಡಿಸಿತು. ಹುಲ್ಲಿನ ಚೂಪು ತುದಿ ಮುರಿದು ಮರಿಯ ಎಡಗಣ್ಣಿಗೆ ಹೊಕ್ಕಿತು. ಕಣ್ಣು ಮುಚ್ಚಿಹೋಯಿತು, ನೀರು ಸುರಿಯಿತು.

"ದೃಷ್ಟಿ ತಾಕಿತು, ನೋಡು!" ಎಂದ ಮೊಲದತ್ತೆ ಹರಳೆಣ್ಣೆಯಲ್ಲಿ ಮಸಿ ಕಲಸಿದಳು. ದುಂಡವ್ವ ಬೇಡ ಅನ್ನುವಷ್ಟರಲ್ಲಿ ಆ ಕಣ್ಣಿಗೇ ಕಾಡಿಗೆ ತೀಡಿಬಿಟ್ಟಳು. ಕಣ್ಣು ಬಾತು ಕೆಂಡದಂತಾಯಿತು. ಹೀಗೇ ಬಿಟ್ಟರೆ ಮರಿಗೆ ಆ ಕಣ್ಣೇ ಇಲ್ಲ. ಎಡಗಡೆಯಿಂದ ನರಿ ಬಂದರೆ ಗತಿ?

ಇದು ಯಾರ ತಪ್ಪು ಎಂದು ದುಂಡವ್ವ ಗಾಳಿಯನ್ನು ಕೇಳಿದಳು.

"ನಾನು ಬೀಸಿದೆ ಅಷ್ಟೆ. ಚುಚ್ಚಿದ್ದು ಹುಲ್ಲು," ಎಂದಿತು ಗಾಳಿ.

"ನಾನು ನಿಂತಿದ್ದೆ ಅಷ್ಟೆ. ಅಲ್ಲಾಡಿಸಿದ್ದು ಗಾಳಿ," ಎಂದಿತು ಹುಲ್ಲು.

"ನಾನು ಒಳ್ಳೆಯದಕ್ಕೇ ಹಚ್ಚಿದೆ. ಕಣ್ಣು ಬಿಟ್ಟು ಹುಟ್ಟಿದ್ದು ನಿನ್ನ ಮಗಳ ತಪ್ಪು," ಎಂದಳು ಮೊಲದತ್ತೆ.

ಮಗಳ ತಪ್ಪಂತೆ! ದುಂಡವ್ವನ ಮೈಯೆಲ್ಲ ಉರಿಯಿತು.

"ಬೀಸಿದ್ದು ತಪ್ಪಲ್ಲ, ಚುಚ್ಚಿದ್ದು ತಪ್ಪಲ್ಲ, ಮಸಿ ಬಳಿದದ್ದೂ ತಪ್ಪಲ್ಲ. ನೋವು ತಿಂದವಳದ್ದೇ ತಪ್ಪಾ? ಚೆನ್ನಾಗಿದೆ ನಿಮ್ಮ ನ್ಯಾಯ!"

ಕೋಪ ಅಂಗಾಲಿನಿಂದ ಏರಿತು. ಏರುತ್ತ ಏರುತ್ತ ಎದೆಯ ಹಾಲಿಗೆ ತಾಕಿತು. ಹಾಲು ಒಲೆಯ ಮೇಲಿಟ್ಟಂತೆ ಉಕ್ಕಿತು. ಉಕ್ಕಿ, ಕೊರಳು ದಾಟಿ, ಎರಡೂ ಕಣ್ಣಿಂದ ಬೆಳ್ಳಗೆ ಹೊರಬಂತು.

ದುಂಡವ್ವ ಅದನ್ನು ಮುಂಗಾಲಿನಲ್ಲಿ ಹಿಡಿದು ಮರಿಯ ಕಣ್ಣು ತೊಳೆದಳು. ತೊಳೆದಳು, ಮತ್ತೆ ತೊಳೆದಳು. ಮಸಿ ಹೋಯಿತು. ಹುಲ್ಲಿನ ತುದಿಯೂ ಜಾರಿ ಬಿತ್ತು. ಸಂಜೆಗೆ ಎಡಗಣ್ಣು ಮೆಲ್ಲಗೆ ತೆರೆಯಿತು. ತೆರೆದದ್ದೇ ರೆಪ್ಪೆ ಬಡಿಯದೆ ಮೊಲದತ್ತೆಯನ್ನು ದಿಟ್ಟಿಸಿತು. ತಲೆ ತಗ್ಗಿಸಿದವಳು ಮೊಲದತ್ತೆ.

ಅಂದಿನಿಂದ ಎಲ್ಲ ಗಿನಿಪಿಗ್‌ಗಳ ಕಣ್ಣಲ್ಲೂ ಹಾಲು ಬರುತ್ತದೆ. ಆದರೆ ಆ ಮೊದಲ ಹಾಲಿನ ಬಿಸಿ ಈಗ ಆರಿದೆ. ಅದು ಮುಖ ತೊಳೆಯುವುದಕ್ಕೆ ಸಾಕು, ಗಾಯಕ್ಕೆ ಸಾಲದು. ಗಿನಿಪಿಗ್‌ಗೆ ಒಂದೇ ಕಣ್ಣು ಮುಚ್ಚಿ ನೀರೋ ಪಿಸುರೋ ಬಂದರೆ ಕಾಡಿಗೆ, ಎಣ್ಣೆ ಅನ್ನುವವರ ಮಾತು ಕೇಳದೆ ಅದನ್ನು ಎತ್ತಿಕೊಂಡು ಪ್ರಾಣಿ ಡಾಕ್ಟರ ಹತ್ತಿರ ಓಡಬೇಕು.

ಆದರೆ ನಿನ್ನ ಗಿನಿಪಿಗ್ ಎರಡೂ ಕಣ್ಣಲ್ಲಿ ಒಂದು ಗಳಿಗೆ ಬಿಳಿ ಹಾಲು ತಂದುಕೊಂಡು ಮುಂಗಾಲಲ್ಲಿ ಮುಖ ಉಜ್ಜಿಕೊಂಡರೆ ಹೆದರಬೇಡ ಮಗಳೇ, ಅದು ಅವರಮ್ಮನ ಕೋಪದಲ್ಲಿ ಮುಖ ತೊಳೆಯುತ್ತಿದೆ.