ಕೈಗೆಟುಕದ ಒಂದು ಗೇಣು

ನದಿಯ ದಂಡೆಯ ಮೇಲೊಂದು ಪ್ರಯೋಗಶಾಲೆ. ಕಂಪ್ಯೂಟರಿನೊಳಗೆ ವಾಹನಗಳಿಗೆ ಡಿಕ್ಕಿ ಹೊಡೆಸಿ, ಒಳಗೆ ಕೂತವರು ಬದುಕುತ್ತಾರೋ ಇಲ್ಲವೋ ಎಂದು ನೋಡುವ ವಿದ್ಯೆಯನ್ನು ಪದ್ಮರಾಜಯ್ಯ ಮೇಷ್ಟ್ರು ಅಲ್ಲಿ ಕಲಿಸುತ್ತಿದ್ದರು.

ಅವರ ಶಿಷ್ಯೆ ಭಾರ್ಗವಿ. ಮಾತು ಕಡಿಮೆ, ಲೆಕ್ಕ ಚುರುಕು.

ಒಂದು ದಿನ ಅವಳು ಹೊಸ ಆಂಬುಲೆನ್ಸಿನ ಪರೀಕ್ಷೆ ಮುಗಿಸಿ ಬಂದಳು. ಮೇಷ್ಟ್ರು ಸರಿ ಎಂದರೆ ಸಾಕು, ಕಾರ್ಖಾನೆಯವರು ಮರುದಿನದಿಂದಲೇ ಅಂಥ ಗಾಡಿಗಳನ್ನು ಕಟ್ಟಲು ಕಾದಿದ್ದರು.

"ಎಲ್ಲರೂ ಬದುಕಿದ್ರು, ಮೇಷ್ಟ್ರೇ," ಎಂದಳು.

"ಎಲ್ಲರೂ ಅಂದ್ರೆ?"

"ಡ್ರೈವರ್, ರೋಗಿ, ಹಿಂದೆ ಕೂತ ನರ್ಸ್."

ಮೇಷ್ಟ್ರು ಪರದೆಯ ಹತ್ತಿರ ಬಾಗಿದರು. ನರ್ಸಿನ ಗೊಂಬೆ ಪಕ್ಕದ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ, ಬೆಲ್ಟ್ ಕಟ್ಟಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟು ಕೂತಿತ್ತು.

"ದಸರಾ ಗೊಂಬೆ ಕೂರಿಸಿದ ಹಾಗೆ ಕೂರಿಸಿದ್ದೀಯಲ್ಲಮ್ಮ."

"ನಿಯಮದಲ್ಲಿ ಹಾಗೇ ಇದೆ, ಮೇಷ್ಟ್ರೇ."

"ನಿಯಮ ಚೆನ್ನಾಗೇ ಇದೆ. ಬಾ."

ಅಂಗಳದಲ್ಲಿ ಅದೇ ಅಳತೆಯ ಮಾದರಿ ಗಾಡಿ ನಿಂತಿತ್ತು. ಮೇಷ್ಟ್ರು ಹಿಂಬಾಗಿಲು ತೆರೆದರು.

"ಸ್ಟ್ರೆಚರ್ ಮೇಲೆ ಮಲಗು."

"ನಾನಾ?"

"ನಾನು ಮಲಗಿದ್ರೆ, ಈ ವಯಸ್ಸಲ್ಲಿ, ನೋಡಿದವರು ನಿಜವಾಗ್ಲೂ ಆಸ್ಪತ್ರೆಗೆ ಸೇರಿಸಿಬಿಡ್ತಾರೆ."

ಅವಳು ಮಲಗಿದಳು. ಮೇಷ್ಟ್ರು ಪಕ್ಕದ ಸೀಟಿನಲ್ಲಿ ಗೊಂಬೆಯಂತೆಯೇ ಬೆಲ್ಟ್ ಕಟ್ಟಿಕೊಂಡು ಕೂತರು.

"ಈಗ ನಿನ್ನ ಮಾಸ್ಕ್ ಜಾರಿದೆ. ಉಸಿರು ಸಿಗ್ತಿಲ್ಲ. ಕರಿ ನನ್ನನ್ನ."

ಭಾರ್ಗವಿಗೆ ನಾಚಿಕೆಯಾಯಿತು. ಕರೆಯುವ ಬದಲು ಮೆಲ್ಲಗೆ ಕೈ ಚಾಚಿದಳು.

ಮೇಷ್ಟ್ರೂ ಚಾಚಿದರು. ಬೆಲ್ಟ್ ಬಿಗಿಯಿತು. ಅವರ ಬೆರಳಿಗೂ ಅವಳ ಬೆರಳಿಗೂ ನಡುವೆ ಒಂದು ಗೇಣು ಉಳಿಯಿತು.

"ಎಟುಕ್ತಿಲ್ಲ," ಎಂದಳು.

"ಏನ್ಮಾಡ್ಲಿ ಹೇಳು."

ಅವಳು ಬೆಲ್ಟಿನ ಕಡೆ ನೋಡಿದಳು. ಮೇಷ್ಟ್ರು ಬೆಲ್ಟ್ ಬಿಚ್ಚಿದರು. ಎದ್ದು, ಬಾಗಿ, ಅವಳ ಕೈ ಹಿಡಿದರು.

"ಈಗ ಡಿಕ್ಕಿ ಹೊಡೆಸು."

ಭಾರ್ಗವಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

"ಚಿಕ್ಕವಳಿದ್ದಾಗ ನನ್ನನ್ನೂ ಹೀಗೇ ಕರ್ಕೊಂಡು ಹೋಗಿದ್ರು, ಮೇಷ್ಟ್ರೇ. ನ್ಯುಮೋನಿಯಾ ಆಗಿತ್ತು. ಒಬ್ಬರು ನರ್ಸ್ ಅಕ್ಕ ದಾರಿಯುದ್ದಕ್ಕೂ ಬಗ್ಗಿ ನಿಂತು ಮಾಸ್ಕ್ ಹಿಡ್ಕೊಂಡಿದ್ರು. ಗಾಡಿ ಕುಲುಕಿದಾಗಲೆಲ್ಲ 'ಬಂತು ಪುಟ್ಟಾ, ಬಂದೇಬಿಡ್ತು' ಅಂತಿದ್ರು. ಆಸ್ಪತ್ರೆ ಮಾತ್ರ ಬರ್ತಾನೇ ಇರಲಿಲ್ಲ."

"ಬೆಲ್ಟ್ ಕಟ್ಕೊಂಡಿದ್ರಾ?"

"ಕಟ್ಕೊಂಡಿದ್ರೆ ನಾನು ಇವತ್ತು ಇರ್ತಿರಲಿಲ್ಲ."

ಮೇಷ್ಟ್ರು ಗಾಡಿಯಿಂದ ಇಳಿದು ಹೋದರು.

ಅವಳು ಪರದೆಗೆ ಮರಳಿ ಗೊಂಬೆಯ ಬೆಲ್ಟ್ ಬಿಚ್ಚಿ, ರೋಗಿಯ ಮೇಲೆ ಬಾಗಿಸಿ ನಿಲ್ಲಿಸಿ, ಪರೀಕ್ಷೆಯನ್ನು ಮತ್ತೆ ನಡೆಸಿದಳು. ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಗೊಂಬೆಯ ತಲೆ ಮುಂದಿನ ತಡೆಗೋಡೆಗೆ ಬಡಿಯಿತು. ಬದುಕುವಂಥ ಪೆಟ್ಟಲ್ಲ ಅದು.

ತಡವಾಗುತ್ತದೆ ಎಂದು ಕಾರ್ಖಾನೆಯವರಿಗೆ ಹೇಳಿ ಕಳಿಸಿದಳು. ಸೀಟು ಸರಿಸಿದಳು, ಬೆಲ್ಟ್ ಬದಲಿಸಿದಳು. ಏನು ಮಾಡಿದರೂ ಗೊಂಬೆ ಸಾಯುತ್ತಿತ್ತು.

"ಈ ಪರೀಕ್ಷೆಗಳನ್ನೆಲ್ಲ ಅಳಿಸಿಬಿಡ್ತೀನಿ, ಮೇಷ್ಟ್ರೇ. ನೋಡೋಕಾಗಲ್ಲ."

ಹಿಂದೆ ನಿಂತಿದ್ದ ಮೇಷ್ಟ್ರು ಪರದೆಯತ್ತ ಕೈಮುಗಿದರು.

"ಯಾರಿಗೆ ಮೇಷ್ಟ್ರೇ?"

"ಸಾಯ್ತಾ ಇದ್ರೂ ನಿನಗೆ ಸುಳ್ಳು ಹೇಳದವಳಿಗೆ."

ಭಾರ್ಗವಿ ಅಳಿಸಲಿಲ್ಲ. ಸತ್ತ ಗೊಂಬೆಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಬೆಲ್ಟ್ ಹಿಡಿದದ್ದು ತಡವಾಯಿತು ಎಂದು ಒಂದು ತೋರಿಸಿತು, ಸೀಟು ಇನ್ನೂ ದೂರ ಎಂದು ಇನ್ನೊಂದು. ಅವು ಹೇಳಿದಂತೆ ಕೇಳುತ್ತ ಹೋದಳು. ಕೊನೆಗೆ ಸೀಟು ಹಳಿಯ ಮೇಲೆ ಜಾರಿ ಸ್ಟ್ರೆಚರಿನ ಮಗ್ಗುಲಿಗೇ ಬರುವಂತಾಯಿತು. ಹೊಸ ಬೆಲ್ಟ್ ಬಾಗಲು ಬಿಡುತ್ತಿತ್ತು, ಡಿಕ್ಕಿಯಾದ ಕ್ಷಣ ಗಪ್ಪನೆ ಹಿಡಿಯುತ್ತಿತ್ತು.

ಗೊಂಬೆ ಬಾಗಿತು. ಅದರ ಕೈ ರೋಗಿಯ ಮುಖ ಮುಟ್ಟಿತು. ಗಾಡಿ ಗುದ್ದಿತು. ಗೊಂಬೆ ಬದುಕಿತು.

ಭಾರ್ಗವಿ ತಾನೂ ಪರದೆಗೆ ಕೈಮುಗಿದಳು. ಮೇಷ್ಟ್ರು ಯಾರಿಗೆ ಎಂದು ಕೇಳಲಿಲ್ಲ.

ನಿಜವಾದ ಗಾಡಿಯನ್ನು ನಿಜವಾದ ಗೋಡೆಗೆ ಗುದ್ದಿಸಿ ನೋಡಿದಾಗಲೂ ಹಾಗೇ ಆಯಿತು. ಆಮೇಲೆಯೇ ಮೇಷ್ಟ್ರು "ಸರಿ" ಎಂದದ್ದು.

ಹೊಸ ಗಾಡಿಗಳು ರಸ್ತೆಗಿಳಿದ ದಿನ ಇಬ್ಬರೂ ನದಿಯ ಕಡೆ ನಡೆದು ಹೋಗುತ್ತಿದ್ದರು.

"ಆ ಅಕ್ಕನ ಹೆಸರೂ ನನಗೆ ಗೊತ್ತಿಲ್ಲ, ಮೇಷ್ಟ್ರೇ. ಒಂದು ಥ್ಯಾಂಕ್ಸ್ ಕೂಡ ಹೇಳಿಲ್ಲ. ಈಗ ಎಲ್ಲಿ ಅಂತ ಹುಡುಕಲಿ?"

"ಹುಡುಕೋದ್ಯಾಕೆ? ಹೇಳಿ ಆಯ್ತಲ್ಲ."

"ಅವರಿಗೆಲ್ಲಿ ಹೇಳಿದೆ?"

"ಯಾವತ್ತೋ ಒಂದು ದಿನ, ಯಾವುದೋ ರಸ್ತೇಲಿ, ನಿನ್ನ ಗಾಡಿಗೆ ಲಾರಿ ಗುದ್ದತ್ತೆ ಅಂತಿಟ್ಕೋ. ಒಳಗಿದ್ದ ನರ್ಸ್ ಭುಜ ಉಜ್ಜಿಕೊಂಡು ಕೆಳಗಿಳೀತಾಳೆ."

ಭಾರ್ಗವಿ ತಡೆಯಲಾರದೆ ಕೇಳಿದಳು. "ಆಗ ಅವಳಿಗೆ ನಮ್ಮ ವಿಷಯ ಏನಾದ್ರೂ ಗೊತ್ತಿರತ್ತಾ?"

"ಎಲ್ಲಿಂದ ಗೊತ್ತಾಗಬೇಕು? ಸಂಜೆ ಮನೆಗೆ ಹೋಗಿ, ಸಾರಿಗೆ ಉಪ್ಪೇ ಹಾಕಿಲ್ಲ ಅಂತ ಗಂಡನ ಮೇಲೆ ರೇಗ್ತಾಳೆ."